ಮರೆವಿನ ಹಿರಿಯರಿಗೆ ಆಟದ ವ್ಯಾಯಾಮ: ಹೇಳಿಕೊಡುವ ಮಾತು ಯಾವುದಿರಬೇಕು?

ಮನೆಯ ಹಿರಿಯರೊಬ್ಬರು ಬಚ್ಚಲಿಗೆ ಹೋಗುವಾಗ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡರೆಂಬ ಸುದ್ದಿ ವರ್ಷಕ್ಕೆ ನಾಲ್ಕಾರು ಸಲವಾದರೂ ನಮ್ಮ ಕಿವಿಗೆ ಬೀಳುತ್ತದೆ. ಆ ಹಿರಿಯರಿಗೆ ಮೊದಲೇ ಮರೆವಿನ ಕಾಯಿಲೆ ಇತ್ತೆಂದಾದರೆ ನಾವು ಇನ್ನಷ್ಟು ಸುಲಭವಾಗಿ ಸಮಾಧಾನಪಟ್ಟುಕೊಳ್ಳುತ್ತೇವೆ. ‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮ ನಾಲಗೆಯ ತುದಿಯಲ್ಲೇ ಇದೆಯಷ್ಟೆ. ಗಾದೆ ವೇದಕ್ಕೆ ಸಮಾನವೆಂದು ಹಿರಿಯರೇ ಹೇಳಿದ್ದಾರೆ. ಆದರೂ ಈ ಒಂದು ಗಾದೆಯನ್ನು ಕೈಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ. ಮರೆವು ಮುಪ್ಪಿನ ಸಹಜ ಲಕ್ಷಣವೆಂದು ಅದು ನಮ್ಮನ್ನು ನಂಬಿಸಿಬಿಟ್ಟಿದೆ. ನಂಬಿದವರು ಮದ್ದು ಹುಡುಕುವುದಿಲ್ಲ.

ಡಿಮೆನ್ಷಿಯಾ ಎಂಬುದು ಮಿದುಳಿನ ಕಾಯಿಲೆ. ಆಲ್ಜೀಮರ್ಸ್ ಅದರ ಒಂದು ಮುಖ್ಯ ಬಗೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ಅರುವತ್ತು ದಾಟಿದವರ ಪೈಕಿ ಶೇಕಡಾ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು. ಈ ಕಾಯಿಲೆಯವರು ಬೀಳುವ ಸಂಭವ ಅದೇ ವಯಸ್ಸಿನ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಬೀಳುವಿಕೆಯಿಂದ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಾಗಿರುವಾಗ ಇದನ್ನು ಹಣೆಬರಹವೆಂದು ಬಿಟ್ಟುಬಿಡುವುದು ನ್ಯಾಯವಲ್ಲ.

ಈ ತೊಂದರೆಗೆ ಕಳೆದ ಹದಿನೈದು ಇಪ್ಪತ್ತು ವರ್ಷಗಳಿಂದ ಒಂದು ವಿಚಿತ್ರವೆನಿಸುವ ಉಪಾಯವನ್ನು ಪರೀಕ್ಷಿಸುತ್ತಿದ್ದಾರೆ: ಮುದುಕರಿಗೆ ವಿಡಿಯೋ ಗೇಮ್ ಆಡಿಸುವುದು. ಮಕ್ಕಳ ಕಣ್ಣು ಕೆಡಿಸುವ, ಪುಸ್ತಕ ಮುಚ್ಚಿಸುವ ಆ ಆಟವೇ ಎಂದು ಓದುಗರು ಹುಬ್ಬೇರಿಸಬಹುದು. ಶಾಲೆಯಲ್ಲಿ ಅದರ ಉಪದ್ರವವನ್ನು ದಿನವೂ ಕಾಣುವ ನಮಗೂ ಆ ಹೆಸರಿನ ಮೇಲೆ ಪ್ರೀತಿಯಿಲ್ಲ. ಆದರೆ ಇಲ್ಲಿ ಹೇಳುತ್ತಿರುವುದು ಕುರ್ಚಿಯಲ್ಲಿ ಕುಳಿತು ಹೆಬ್ಬೆರಳಾಡಿಸುವ ಆಟವಲ್ಲ. ಎದ್ದುನಿಂತು, ಕಾಲೆತ್ತಿಟ್ಟು, ಮೈಭಾರವನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಆಡುವ ಆಟ. ಪರದೆಯ ಮೇಲಿನ ಚಿತ್ರ ಆಡುವವರ ಮೈಯ ಚಲನೆಯಂತೆ ಚಲಿಸುತ್ತದೆ.

ಇದು ಹೇಗೆ ಪ್ರಯೋಜನಕ್ಕೆ ಬರುತ್ತದೆಂದು ತಿಳಿಯಬೇಕಾದರೆ ನಾವು ಬೀಳದೆ ನಿಲ್ಲುವುದು ಹೇಗೆಂಬುದನ್ನು ಮೊದಲು ನೋಡಬೇಕು. ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳು ಈ ಮೂರೂ ಕಡೆಗಳಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಮಿದುಳು ಅದನ್ನು ಕೂಡಿಸಿ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತದೆ. ಮರೆವಿನ ಕಾಯಿಲೆಯಲ್ಲಿ ಕೆಡುವುದು ಈ ಕೂಡಿಸುವ ಕೆಲಸ. ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವುದು ಅವರಿಗೆ ಕಷ್ಟ. ನಡೆಯುತ್ತಿರುವ ಹಿರಿಯರನ್ನು ಮಾತನಾಡಿಸಿದಾಗ ಅವರು ಉತ್ತರ ಹೇಳಲು ನಡಿಗೆಯನ್ನೇ ನಿಲ್ಲಿಸಿದರೆ, ಅಂಥವರು ಮುಂದೆ ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ ದೇಶದ ಸಂಶೋಧಕರು 1997ರಲ್ಲಿಯೇ ತೋರಿಸಿಕೊಟ್ಟರು. ಇದನ್ನು ನೋಡಲು ಯಾವ ಯಂತ್ರವೂ ಬೇಡ. ಮನೆಯ ಜಗಲಿ ಸಾಕು. ಆಟದ ವ್ಯಾಯಾಮದಲ್ಲಿ ಕಣ್ಣು ನೋಡುತ್ತಿರುವಾಗ ಕಾಲು ಹೆಜ್ಜೆ ಇಡಬೇಕು, ಕಿವಿ ಕೇಳಬೇಕು, ಬುದ್ಧಿ ಆಯ್ಕೆ ಮಾಡಬೇಕು. ಕೆಡುತ್ತಿರುವ ಆ ಕೂಡಿಸುವ ಕೆಲಸಕ್ಕೇ ಅಭ್ಯಾಸ ಸಿಗುತ್ತದೆ.

ಜಪಾನಿನ ನಿಂಟೆಂಡೊ ಕಂಪೆನಿ 2006ರಲ್ಲಿ ‘ವೀ’ ಎಂಬ ಯಂತ್ರವನ್ನೂ 2007ರ ಕೊನೆಗೆ ಅದರ ಮೇಲೆ ನಿಂತು ಆಡುವ ಮಣೆಯನ್ನೂ ಮಾರುಕಟ್ಟೆಗೆ ತಂದಿತು. ಅದನ್ನು ಮಾಡಿದ್ದು ಕುಟುಂಬಗಳ ಮನರಂಜನೆಗಾಗಿ. ವೈದ್ಯರು ಅದರಲ್ಲಿ ಬೇರೆಯೇ ಉಪಯೋಗವನ್ನು ಕಂಡರು. ಅಮೆರಿಕದಲ್ಲಿ ಆರಂಭದ ಹಂತದ ಆಲ್ಜೀಮರ್ಸ್ ಇದ್ದ 22 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಆಟವನ್ನೂ ಇನ್ನೊಂದಕ್ಕೆ ನಡಿಗೆಯನ್ನೂ ಎಂಟು ವಾರ ಮಾಡಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಆಟವಾಡಿದವರ ಸಮತೋಲ ಸುಧಾರಿಸಿತ್ತು. ಆದರೆ ನಡೆದವರಿಗಿಂತ ಅವರು ಬಹಳ ಮುಂದಿದ್ದರೆಂದು ಹೇಳುವಂತಿರಲಿಲ್ಲ. 2017ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 30 ಮಂದಿ ತಮ್ಮ ತಮ್ಮ ಮನೆಗಳಲ್ಲೇ, ನೋಡಿಕೊಳ್ಳುವವರ ಕಣ್ಣೆದುರಿನಲ್ಲಿ ಅಭ್ಯಾಸ ಮಾಡಿದರು. ಈ ಸಲ ಎಂಟು ವಾರಗಳ ಬಳಿಕ ಆಟದ ಗುಂಪಿನವರ ಸಮತೋಲ ನಡಿಗೆಯವರದಕ್ಕಿಂತ ಹೆಚ್ಚು ಸುಧಾರಿಸಿತ್ತು. ಬಿದ್ದೇನೆಂಬ ಭಯವೂ ತಗ್ಗಿತ್ತು. 2021ರಲ್ಲಿ ಬೆಲ್ಜಿಯಮಿನ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯಲ್ಲಿ 70ರಿಂದ 91 ವರ್ಷದೊಳಗಿನ 45 ಮಂದಿ ಇದ್ದರು. ಒಂದು ಗುಂಪಿನವರು ತುಳಿತವನ್ನು ಗುರುತಿಸುವ ಹಾಸಿನ ಮೇಲೆ ಹೆಜ್ಜೆಯಿಟ್ಟು ಆಡಿದರು. ಇನ್ನೊಂದು ಗುಂಪಿನವರು ತಮಗಿಷ್ಟವಾದ ಸಂಗೀತದ ಚಿತ್ರಗಳನ್ನು ನೋಡಿದರು. ವಾರಕ್ಕೆ ಮೂರು ಸಲ, ಸಲಕ್ಕೆ ಹದಿನೈದು ನಿಮಿಷ, ಎಂಟು ವಾರ: ಇಷ್ಟೇ. ಆಡಿದವರ ನಡಿಗೆಯ ವೇಗ, ಹೆಜ್ಜೆಯ ಚುರುಕು, ಬುದ್ಧಿಪರೀಕ್ಷೆಯ ಅಂಕಗಳು ಉತ್ತಮಗೊಂಡವು. ಮನಸ್ಸಿನ ಕುಗ್ಗು ಕಡಿಮೆಯಾಯಿತು.

ಈ ಫಲಿತಾಂಶಗಳನ್ನು ಹಿಗ್ಗಿಸಿ ಹೇಳುವುದು ತರವಲ್ಲ. ಪರೀಕ್ಷೆಗೆ ಒಳಗಾದವರ ಸಂಖ್ಯೆ ಸಣ್ಣದು. ಸಮತೋಲ ಸುಧಾರಿಸುವುದು ಒಂದು, ವರ್ಷವಿಡೀ ಬೀಳದಿರುವುದು ಇನ್ನೊಂದು. ಕಾಯಿಲೆ ತೀರ ಮುಂದುವರಿದವರಿಗೆ ಇದು ಹೊಂದುವುದಿಲ್ಲ. ಕಾಯಿಲೆಯನ್ನು ಇದು ಗುಣಪಡಿಸುವುದೂ ಇಲ್ಲ. ಇಷ್ಟರ ಮೇಲೆ, ಆ ‘ವೀ’ ಯಂತ್ರದ ತಯಾರಿಕೆ 2013ರಲ್ಲಿಯೇ ನಿಂತಿತು. ಮೈಚಲನೆಯನ್ನು ಗುರುತಿಸುವ ‘ಕಿನೆಕ್ಟ್’ ಎಂಬ ಇನ್ನೊಂದು ಸಾಧನವೂ 2010ರಲ್ಲಿ ಬಂದು 2017ರಲ್ಲಿ ನಿಂತುಹೋಯಿತು. ಯಂತ್ರಗಳು ಬರುತ್ತವೆ, ಹೋಗುತ್ತವೆ. ಉಳಿಯತಕ್ಕದ್ದು ಅವುಗಳೊಳಗಿನ ತತ್ತ್ವ: ನೋಡಿ, ಕೇಳಿ, ಹೆಜ್ಜೆಯಿಟ್ಟು, ಗೆದ್ದೆನೆಂಬ ಸಂತೋಷಪಟ್ಟು, ಮತ್ತೆ ಅದನ್ನೇ ಮಾಡುವುದು.

ಇಷ್ಟು ಪೀಠಿಕೆಯ ಮೇಲೆ ನಾವು ಓದುಗರನ್ನು ಇಡುಕ್ಕಿಯ ಘಟ್ಟದ ಆಚೆ ಮಗ್ಗುಲಿಗೆ ಕರೆದೊಯ್ಯಬೇಕಾಗಿದೆ. ಕುಮಳಿಯಿಂದ ಇಳಿದರೆ ತಮಿಳುನಾಡಿನ ಕಂಬಂ ಕಣಿವೆ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಆ ಕಣಿವೆಯನ್ನು ಹಸಿರು ಮಾಡಿತು. ಅಲ್ಲಿನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಹಿಂದೆ ಇವೆಲ್ಲ ಮದುರೆ ಜಿಲ್ಲೆಗೆ ಸೇರಿದ್ದವು. 1985ರಲ್ಲಿ ದಿಂಡಿಗಲ್, 1996ರಲ್ಲಿ ತೇನಿ ಬೇರೆ ಜಿಲ್ಲೆಗಳಾದವು. ಈ ಸೀಮೆಯಲ್ಲಿ ಶತಮಾನಗಳಿಂದ ಕನ್ನಡ ಮನೆಮಾತಿನ ಜನರಿದ್ದಾರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಮದುರೆಯ ಗೆಜೆಟಿಯರು ಕನ್ನಡ ಮಾತನಾಡುವ ಕಾಪ್ಪಿಲಿಯರು, ಅನುಪ್ಪರು ಎಂಬ ಬೇಸಾಯಗಾರರ ವಿಚಾರವನ್ನು ಹೇಳುತ್ತದೆ. ಕಂಬದ ಒಕ್ಕಲಿಗರು ಪೂಜ್ಯವೆಂದು ಸಾಕಿಕೊಂಡು ಬಂದ ದನದ ಹಿಂಡಿಗೆ ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದರೆ, ಅವರ ಕನ್ನಡದಲ್ಲಿ ‘ದೇವರ ಆವು’. ಆಕಳಿಗೆ ಆವು ಎಂಬ ಹಳಗನ್ನಡದ ಶಬ್ದ ಅಲ್ಲಿ ಮನೆಮಾತಾಗಿ ಉಳಿದುಬಂದಿತ್ತು. ದಿಂಡಿಗಲ್ ಕಡೆಯ ನೇಕಾರರಲ್ಲಿಯೂ ಕನ್ನಡ ಮನೆಮಾತಿನ ದೇವಾಂಗರಿದ್ದಾರೆ.

ಈ ಜನರಿಗೆ ಶಾಲೆಯ ಭಾಷೆ ತಮಿಳು, ಸಂತೆಯ ಭಾಷೆ ತಮಿಳು, ಆಸ್ಪತ್ರೆಯ ಭಾಷೆ ತಮಿಳು. ಕನ್ನಡ ಲಿಪಿಯ ಪರಿಚಯವಿಲ್ಲದೆ ಬಾಯಿಂದ ಬಾಯಿಗೆ ಮಾತು ಸಾಗಿದೆ. ತಮಿಳು ಅವರಿಗೆ ಪರಕೀಯವಲ್ಲ. ಆ ನೆಲ ಅವರನ್ನು ಸಾಕಿದೆ. ಆದುದರಿಂದ ನಾವು ಹೇಳಹೊರಟಿರುವುದು ತಮಿಳಿನ ಮೇಲಿನ ದೂರಲ್ಲ. ಸಂಗತಿ ಬೇರೆಯಿದೆ. ಮರೆವಿನ ಕಾಯಿಲೆ ಬಂದಾಗ ಇತ್ತೀಚಿನದು ಮೊದಲು ಅಳಿಸುತ್ತದೆ, ಬಾಲ್ಯದ್ದು ಕೊನೆಯವರೆಗೆ ಉಳಿಯುತ್ತದೆ. ಮಾತಿನ ವಿಷಯದಲ್ಲಿಯೂ ಹಲವರಲ್ಲಿ ಹೀಗೆಯೇ ಆಗುತ್ತದೆ: ಆಮೇಲೆ ಕಲಿತ ಭಾಷೆ ಹಿಂದೆ ಸರಿದು, ತಾಯಿಯಿಂದ ಕಲಿತ ಮಾತು ಮುಂದೆ ಬರುತ್ತದೆ. ಐವತ್ತು ವರ್ಷ ಸಂತೆಯಲ್ಲಿ ತಮಿಳು ಆಡಿದ ಅಜ್ಜಿ ಎಂಬತ್ತರಲ್ಲಿ ಕನ್ನಡಕ್ಕೆ ಮರಳಬಹುದು. ಆಗ ಮನೆಯಲ್ಲಿ ಆ ಕನ್ನಡ ತಿಳಿದವರು ಯಾರಿರುತ್ತಾರೆ?

ಆಟದ ವ್ಯಾಯಾಮದ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ‘ಬಲಗಾಲನ್ನು ಮುಂದಿಡಿ’ ಎಂಬ ಮಾತು ಕೇಳಿದೊಡನೆ ಕಾಲು ಮುಂದೆ ಹೋಗಬೇಕು. ಮಾತಿನ ಅರ್ಥವನ್ನು ಹುಡುಕುವುದರಲ್ಲೇ ಬುದ್ಧಿ ಬಳಲಿದರೆ ಹೆಜ್ಜೆಗೆ ಉಳಿಯುವುದೇನು? ಎರಡು ಕೆಲಸ ಒಟ್ಟಿಗೆ ಮಾಡಲಾರದವರ ಮೇಲೆ ಮೂರನೆಯದನ್ನು ಹೇರಿದಂತಾಗುತ್ತದೆ. ಅದು ವ್ಯಾಯಾಮವಾಗದೆ ಬೀಳುವುದಕ್ಕೆ ಹಾದಿಯಾದೀತು. ಶಿಕ್ಷಕರ ತರಬೇತಿಯಲ್ಲಿ ನಮಗೆಲ್ಲ ಕಲಿಸಿದ ಮೊದಲ ಸೂತ್ರ ‘ತಿಳಿದುದರಿಂದ ತಿಳಿಯದುದರ ಕಡೆಗೆ’. ಮಕ್ಕಳಿಗೆ ಅದು ಸರಿ. ಮರೆವಿನ ಹಿರಿಯರ ವಿಷಯದಲ್ಲಿ ತಿಳಿದುದರಲ್ಲಿಯೇ ನಿಂತು ಕಲಿಸಬೇಕು. ಕೈಕಾಲುಗಳ ರೂಢಿ ಹೆಸರುಗಳ ನೆನಪಿಗಿಂತ ಬಹುಕಾಲ ಉಳಿಯುತ್ತದೆ. ಗುಂಡಿಮಗ್ಗದಲ್ಲಿ ಕುಳಿತು ಕಾಲಿನಿಂದ ತುಳಿದವರಿಗೆ ಆ ತುಳಿತದ ಲಯ, ಕೋಲಾಟ ಆಡಿದವರಿಗೆ ಆ ಹೆಜ್ಜೆ ಬೇಗನೆ ಮರೆಯದು.

ಆ ‘ವೀ’ ಮಣೆಯ ಆಟಗಳಲ್ಲಿ ಒಂದು ಹಿಮದ ಇಳಿಜಾರಿನಲ್ಲಿ ಜಾರುವುದು, ಇನ್ನೊಂದು ತೂರಿಬರುವ ಕಾಲ್ಚೆಂಡನ್ನು ತಲೆಯಿಂದ ಹೊಡೆಯುವುದು. ಹಿಮವನ್ನೇ ಕಾಣದ ಕಂಬದ ಅಜ್ಜನಿಗೆ ಹಿಮದ ಮೇಲೆ ಜಾರೆಂದರೆ ಏನು ತಿಳಿದೀತು? ಅದೇ ಚಲನೆಯನ್ನು, ಎಂದರೆ ಮೈಭಾರವನ್ನು ಎಡಬಲಕ್ಕೆ ಹೊರಳಿಸುವುದನ್ನು, ದ್ರಾಕ್ಷಿ ಚಪ್ಪರದ ಅಡಿಯಲ್ಲಿ ನಡೆದಂತೆ, ನೀರಿನ ಕಾಲುವೆ ದಾಟಿದಂತೆ, ಸಂಜೆ ಹಟ್ಟಿಗೆ ಬರುವ ದನಗಳಿಗೆ ದಾರಿ ಬಿಟ್ಟಂತೆ ಚಿತ್ರಿಸಿ ಕೊಡಬಾರದೇಕೆ? ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸ ಬಲ್ಲ ಕನ್ನಡ ತರುಣರಿಗೇನೂ ಬರವಿಲ್ಲ. ಆದರೆ ಒಂದು ಎಚ್ಚರ. ಬೆಂಗಳೂರಿನ ಪುಸ್ತಕದ ಕನ್ನಡದ ಧ್ವನಿಯನ್ನು ಮುದ್ರಿಸಿ ಕಳುಹಿಸಿದರೆ ಕಂಬದ ಅಜ್ಜಿಗೆ ಅದೂ ಅಪರಿಚಿತವೇ. ಅವರ ಕನ್ನಡ ಅವರ ಮನೆಯದು. ಆದುದರಿಂದ ಆಟದಲ್ಲಿ ಮಾತಿನ ಜಾಗವನ್ನು ಖಾಲಿ ಬಿಟ್ಟು, ಮನೆಯವರೇ ತಮ್ಮ ಧ್ವನಿ ತುಂಬುವ ಏರ್ಪಾಡು ಇರಬೇಕು.

ಕಾಯಿಲೆಯನ್ನು ಗುರುತಿಸುವ ಪರೀಕ್ಷೆಯೂ ಇದೇ ರೀತಿ. ಇಂದು ಯಾವ ತಿಂಗಳು, ಈ ವಸ್ತುವಿನ ಹೆಸರೇನು ಎಂಬ ಪ್ರಶ್ನೆಗಳನ್ನು ಹಿಂದಾಗಿ ಕಲಿತ ಭಾಷೆಯಲ್ಲಿ ಕೇಳಿದರೆ ಅಂಕ ಕಡಿಮೆ ಬರಬಹುದು. ಅದು ಕಾಯಿಲೆಯೋ ಭಾಷೆಯ ತೊಡಕೋ ತಿಳಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸಿದ್ಧಪಡಿಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಈ ಐದು ಭಾಷೆಗಳಲ್ಲಿದೆ. ಕನ್ನಡದಲ್ಲಿ ಇರುವುದನ್ನು ಕನ್ನಡಿಗರು ಎಲ್ಲಿದ್ದರೂ ಕೇಳಿ ಪಡೆಯಬೇಕು.

ಎರಡು ಮೂರು ಭಾಷೆಗಳ ನಡುವೆ ಬದುಕುವುದರಿಂದ ಅಲ್ಪಸಂಖ್ಯಾತರಿಗೆ ನಷ್ಟವೇ ಎಂದು ತಿಳಿಯಬೇಕಾಗಿಲ್ಲ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಈ ಕಾಯಿಲೆ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ಅಂತರ ಕಂಡುಬಂದಿತ್ತು. ಮನೆಮಾತನ್ನು ಬಿಟ್ಟು ಊರಮಾತೊಂದನ್ನೇ ಮಕ್ಕಳಿಗೆ ಕಲಿಸುವ ತಂದೆತಾಯಿಗಳು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಎರಡನ್ನೂ ಉಳಿಸಿಕೊಂಡವರಿಗೆ ಲಾಭವೇ ಹೊರತು ಹಾನಿಯಿಲ್ಲ.

ದುಬಾರಿ ಯಂತ್ರಕ್ಕೆ ದುಡ್ಡೆಲ್ಲಿಂದ ಎಂದು ಕೇಳುವವರಿಗೆ ನಮ್ಮ ಉತ್ತರವಿದೆ. ಯಂತ್ರ ಬರುವ ತನಕ ಕಾಯಬೇಕಾಗಿಲ್ಲ. ಒಣಗಿದ ಸಮನೆಲದ ಮೇಲೆ ಸೀಮೆಸುಣ್ಣದಿಂದ ಹಿಂದೆ, ಮುಂದೆ, ಎಡ, ಬಲ ಎಂದು ನಾಲ್ಕು ಚೌಕ ಬರೆಯಿರಿ. ಗೋಡೆಗೆ ತಾಗಿಸಿ ಗಟ್ಟಿಯಾದ ಕುರ್ಚಿಯೊಂದನ್ನು ಕೈಗೆಟಕುವಂತೆ ಇಡಿ. ಒಬ್ಬರು ಪಕ್ಕದಲ್ಲಿ, ಕೈಚಾಚಿದರೆ ಹಿಡಿಯುವಷ್ಟು ಸಮೀಪ ನಿಲ್ಲಬೇಕು. ಇನ್ನೊಬ್ಬರು ಎದುರಿಗೆ ನಿಂತು ತಾವೂ ಹೆಜ್ಜೆಯಿಡುತ್ತಾ ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಕೈಚಪ್ಪಾಳೆಯ ತಾಳ, ಅವರಿಗೆ ಬಾಲ್ಯದಿಂದ ಗೊತ್ತಿರುವ ಹಾಡು ಜೊತೆಗಿದ್ದರೆ ಒಳ್ಳೆಯದು. ಹತ್ತು ಹದಿನೈದು ನಿಮಿಷ, ವಾರಕ್ಕೆ ಮೂರು ದಿನ ಸಾಕು. ತಪ್ಪಿದರೆ ತಿದ್ದಬೇಡಿ, ಸರಿಯಾದುದನ್ನು ಮತ್ತೆ ಮಾಡಿ ತೋರಿಸಿ. ಮನೆಯಲ್ಲಿ ಟೆಲಿವಿಷನ್ನಿಗೆ ಜೋಡಿಸುವ ಆಟವಿದ್ದರೆ ಚಿತ್ರ ಕಣ್ಣಿನ ಎತ್ತರಕ್ಕಿರಲಿ, ವೇಗ ಕಡಿಮೆಯಿರಲಿ. ಕಣ್ಣು ಮುಚ್ಚುವಂತೆ ತಲೆಗೆ ಕಟ್ಟುವ ಸಾಧನ ಇಂಥವರಿಗೆ ಬೇಡ.

ಮೊದಲು ವೈದ್ಯರಿಗೆ ತೋರಿಸುವುದು ಅಗತ್ಯ. ಇತ್ತೀಚೆಗೆ ಬಿದ್ದವರು, ಎದ್ದುನಿಂತಾಗ ಕಣ್ಣು ಕತ್ತಲೆ ಬರುವವರು, ನಿದ್ದೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಕಣ್ಣಿನ ಪೊರೆ, ಸಡಿಲವಾದ ಚಪ್ಪಲಿ, ಬಚ್ಚಲಿನ ಪಾಚಿ, ರಾತ್ರಿ ದೀಪವಿಲ್ಲದ ಓಣಿ ಇವನ್ನು ಸರಿಪಡಿಸದೆ ಆಟವಾಡಿಸಿದರೆ ಪ್ರಯೋಜನವಿಲ್ಲ. ‘ಮುದುಕರನ್ನು ಮಕ್ಕಳಂತೆ ಕುಣಿಸುವುದೇ’ ಎಂಬ ಆಕ್ಷೇಪಕ್ಕೂ ಬೆಲೆಯಿದೆ. ಅವರಿಗೆ ಇಷ್ಟವಿಲ್ಲದ ದಿನ ಬಲವಂತ ಮಾಡತಕ್ಕದ್ದಲ್ಲ. ಆದರೆ ಗೌರವದ ಹೆಸರಿನಲ್ಲಿ ಹಿರಿಯರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ ಕಾಲನ್ನು ಸೋಲಿಸುವುದು ಗೌರವವಲ್ಲ.

ಸರಕಾರದ ಕಡೆಯಿಂದ ಆಗಬೇಕಾದುದೂ ಇದೆ. ತೇನಿಯಲ್ಲಿ 2004ರಿಂದ ಸರಕಾರೀ ವೈದ್ಯಕೀಯ ಕಾಲೇಜಿದೆ. ದಿಂಡಿಗಲ್ಲಿಗೆ 2022ರಲ್ಲಿ ಬಂದಿದೆ. ತಮಿಳುನಾಡು ಸರಕಾರವು 2021ರ ಆಗಸ್ಟ್ 5ರಂದು ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ರಕ್ತದೊತ್ತಡ, ಸಕ್ಕರೆಕಾಯಿಲೆಗಳ ಔಷಧದೊಂದಿಗೆ ಫಿಸಿಯೋಥೆರಪಿಯೂ ಮನೆಬಾಗಿಲಿಗೆ ಬರುತ್ತದೆ. ಇದು ಮೆಚ್ಚತಕ್ಕ ಕೆಲಸ. ಮನೆಗೆ ಬರುವ ಆ ಕಾರ್ಯಕರ್ತರು ‘ಈ ಹಿರಿಯರು ಬಾಲ್ಯದಲ್ಲಿ ಆಡಿದ ಮಾತು ಯಾವುದು?’ ಎಂಬ ಒಂದು ಪ್ರಶ್ನೆಯನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡರೆ ಸಾಕು. ಮಿಕ್ಕ ಕೆಲಸವನ್ನು ಮನೆಯವರು ಮಾಡಬಲ್ಲರು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350 ಎ ವಿಧಿಯು ಅಲ್ಪಸಂಖ್ಯಾತರ ಮಗುವಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುತ್ತದೆ. ಬದುಕಿನ ಮೊದಲ ತುದಿಯನ್ನು ಹಾಗೆ ನೆನೆದವರು ಕೊನೆಯ ತುದಿಯನ್ನೂ ನೆನೆಯಬೇಕಲ್ಲವೆ?

ಕಂಬಂ ಕಣಿವೆಯ ಮಾತನ್ನು ಕಾಸರಗೋಡಿನ ನಮ್ಮ ಓದುಗರಿಗೆ ಹೇಳುವುದೇಕೆಂದರೆ, ಅಲ್ಲಿ ನಡೆದುದು ಇಲ್ಲಿ ನಡೆಯುವುದಕ್ಕೆ ಬಹಳ ಕಾಲ ಬೇಡ. ಅವರಿಗೆ ಕನ್ನಡ ಶಾಲೆಯ ಆಸರೆಯಿಲ್ಲದೆ ಮಾತು ಮನೆಯೊಳಗೆ ಮಾತ್ರ ಉಳಿಯಿತು. ನಮಗೆ ಶಾಲೆಗಳಿವೆ, ಪತ್ರಿಕೆಗಳಿವೆ. ಆದರೂ ಮೊಮ್ಮಕ್ಕಳೊಡನೆ ಅಜ್ಜಅಜ್ಜಿಯರ ಮಾತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ನಮ್ಮಲ್ಲಿಯೂ ಮನೆಮಾತು ಕನ್ನಡವೊಂದೇ ಅಲ್ಲ. ತುಳು, ಕೊಂಕಣಿ, ಮರಾಠಿ ಮನೆಮಾತಿನವರೂ ಇದ್ದಾರೆ. ಅವರವರ ಹಿರಿಯರಿಗೆ ಅವರವರ ಮಾತೇ ಆಗಬೇಕು. ಆಲ್ಜೀಮರ್ಸ್ ರೋಗಿಗಳಿಗಾಗಿ ದೇಶದ ಮೊದಲ ಸಂಘಟನೆ 1992ರಲ್ಲಿ ಹುಟ್ಟಿದ್ದು ಈ ಕೇರಳದಲ್ಲಿಯೇ. ಇಲ್ಲಿನ ಸೇವೆಗಳಲ್ಲಿ ಗಡಿನಾಡಿನ ಭಾಷೆಗಳಿಗೆ ಸ್ಥಾನ ಕೇಳುವುದು ನಮ್ಮ ಹಕ್ಕು, ಕರ್ತವ್ಯವೂ ಹೌದು.

ನಾವು ಶಿಕ್ಷಕರು ನಮ್ಮ ಪಾಲಿನದನ್ನು ಮಾಡಬಹುದು. ಪ್ರೌಢಶಾಲೆಯ ಮಕ್ಕಳಿಗೆ ರಜೆಯ ದಿನಗಳಲ್ಲಿ ಒಂದು ಮನೆಗೆಲಸ ಕೊಡೋಣ: ಹಿರಿಯರಿಂದ ಅವರ ಬಾಲ್ಯದ ಆಟದ ಹಾಡು, ಹೆಜ್ಜೆಯ ಪದ, ಎಡಬಲಗಳಿಗೆ ಅವರು ಬಳಸುವ ಮಾತು ಇವನ್ನು ಕೇಳಿ ಬರೆದುಕೊಳ್ಳಲಿ, ಮೊಬೈಲಿನಲ್ಲಿ ಧ್ವನಿ ಹಿಡಿದಿಡಲಿ. ಅಜ್ಜನಿಗೆ ನೆನಪು ಸರಿಯಿರುವಾಗಲೇ ಇದಾಗಬೇಕು. ನಾಳೆ ಅವರ ಕಾಲು ತಡವರಿಸಿದಾಗ ‘ಮುಂದೆ ಹೆಜ್ಜೆ ಇಡಜ್ಜ’ ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಲು ಮನೆಯಲ್ಲಿ ಒಬ್ಬರಾದರೂ ಇರಲಿ.